ಶೇಕಡಾ ಲೆಕ್ಕದಲ್ಲಿ ‘ಕ್ಷ’ ಎಂದು ಯಾವುದನ್ನು ಇಟ್ಟುಕೊಳ್ಳಬೇಕು?

ಪ್ರಶ್ನೆ: ಕಟಪಾಡಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಸಮೀಪದ ಕಟಪಾಡಿಯವಳು. ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಈಗ ಅವರಿಗೆ ಲಾಭ, ನಷ್ಟ, ರಿಯಾಯಿತಿ, ತೆರಿಗೆಗಳ ಶೇಕಡಾ ಲೆಕ್ಕಗಳು ನಡೆಯುತ್ತಿವೆ. ‘1,100ರ ಶೇಕಡಾ 5 ಎಷ್ಟು’ ಎಂದು ನೇರವಾಗಿ ಕೇಳಿದರೆ ಅವಳು ಬಾಯಿಲೆಕ್ಕದಲ್ಲೇ 55 ಎನ್ನುತ್ತಾಳೆ. ಅದನ್ನೇ ನಾಲ್ಕು ಸಾಲಿನ ಕಥೆಯಾಗಿ ಬರೆದು ಕೊಟ್ಟರೆ ಎಲ್ಲಿಂದ ಹಿಡಿಯಬೇಕೆಂದು ಅವಳಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ನಾನು ಪಿಯುಸಿಯಲ್ಲಿ ವಾಣಿಜ್ಯ ಓದಿದವಳು. ಕಲಿತದ್ದರಲ್ಲಿ ಬಹುಪಾಲು ಮರೆತಿದೆ.

ಕಳೆದ ಭಾನುವಾರ ನಾವು ನಾಲ್ವರು ಒಂದು ಹೋಟೆಲಿನಲ್ಲಿ ಊಟ ಮಾಡಿದೆವು. ಶೇಕಡಾ 5ರ ಜಿಎಸ್‌ಟಿ ಸೇರಿ ಬಿಲ್ಲು 1,155 ರೂಪಾಯಿ ಆಯಿತು. ಪರ್ಸಿನ ಒದ್ದೆಗೆ ಬಿಲ್ಲಿನ ಅಕ್ಷರಗಳೆಲ್ಲ ಮಾಸಿ ಒಟ್ಟು ಮೊತ್ತ ಮಾತ್ರ ಕಾಣುತ್ತಿದ್ದುದರಿಂದ, ಇದರಲ್ಲಿ ತೆರಿಗೆ ಎಷ್ಟು, ಊಟದ ಬೆಲೆ ಎಷ್ಟು ಎಂದು ಕಂಡುಹಿಡಿ ನೋಡೋಣ ಎಂದು ಮಗಳಿಗೆ ಹೇಳಿದೆ. ಅವಳು 1,155ರ ಶೇಕಡಾ 5 ಅಂದರೆ 57.75 ರೂಪಾಯಿ ತೆಗೆದು, ಅದನ್ನು ಕಳೆದು, ಊಟದ ಬೆಲೆ 1,097.25 ಎಂದಳು. ನಾನೂ ಸರಿ ಎಂದುಬಿಟ್ಟೆ. ರಾತ್ರಿ ಏಕೋ ಸಂಶಯ ಬಂದು ತಿರುಗಿ ನೋಡಿದರೆ, 1,097.25ರ ಶೇಕಡಾ 5 ಕೇವಲ 54.86 ಆಗುತ್ತದೆ, ಎರಡನ್ನೂ ಕೂಡಿಸಿದರೆ 1,152.11. ಅಲ್ಲಿಗೆ 2 ರೂಪಾಯಿ 89 ಪೈಸೆಯ ಲೆಕ್ಕ ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ.

ಎರಡನೆಯದು ಆಟಿ ತಿಂಗಳ ರಿಯಾಯಿತಿ ಮಾರಾಟದಲ್ಲಿ ಕೊಂಡ ಸೀರೆ. ಚೀಟಿಯ ಬೆಲೆಯ ಮೇಲೆ ಶೇಕಡಾ 20, ಉಳಿದ ಮೊತ್ತದ ಮೇಲೆ ಕೌಂಟರಿನಲ್ಲಿ ಮತ್ತೆ ಶೇಕಡಾ 10 ಬಿಟ್ಟು, 2,160 ರೂಪಾಯಿ ತೆಗೆದುಕೊಂಡರು. ಚೀಟಿ ಕಳೆದುಹೋಗಿದೆ. ಮೂಲ ಬೆಲೆ ಎಷ್ಟಿತ್ತು ಎಂಬುದಕ್ಕೆ ಮಗಳು 2,808 ಎನ್ನುತ್ತಾಳೆ, ಪಕ್ಕದ ಮನೆಯವರು 3,086ರ ಹತ್ತಿರ ಎನ್ನುತ್ತಾರೆ. ಒಟ್ಟು ರಿಯಾಯಿತಿ ಶೇಕಡಾ 30 ಎಂಬುದರಲ್ಲಿ ಮಾತ್ರ ಇಬ್ಬರಿಗೂ ಸಂಶಯವಿಲ್ಲ.

ಇನ್ನು ನಮ್ಮ ಅಂಗಳದ ಮಲ್ಲಿಗೆ. ಶಂಕರಪುರ ಮಲ್ಲಿಗೆಯ ದರ ದಿನಕ್ಕೊಂದು ರೀತಿ ಎಂಬುದು ಈ ಕಡೆಯವರಿಗೆಲ್ಲ ಗೊತ್ತು. ಅಟ್ಟೆಗೆ 800 ರೂಪಾಯಿ ಇದ್ದ ದರ ಒಂದು ದಿನ ಶೇಕಡಾ 25 ಏರಿ, ಮರುದಿನ ಶೇಕಡಾ 25 ಇಳಿಯಿತು ಎಂದುಕೊಳ್ಳಿ. ‘ಇದ್ದಲ್ಲಿಗೇ ಬಂತಲ್ಲ’ ಎಂದು ಮಾವನವರು ಹೇಳುತ್ತಾರೆ. ಆದರೆ ಕೈಗೆ ಬರುವುದು 750.

ಶಾಲೆಯಲ್ಲಿ ಟೀಚರ್ ‘ಗೊತ್ತಿಲ್ಲದ್ದನ್ನು ಎಕ್ಸ್ ಎಂದು ಇಟ್ಟುಕೊಳ್ಳಿ’ ಎಂದು ಹೇಳಿದ್ದಾರಂತೆ. ಒಂದೇ ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗಳು ಎರಡು ಮೂರು ಇರುವಾಗ ಯಾವುದನ್ನು ಹಾಗೆ ಇಟ್ಟುಕೊಳ್ಳಬೇಕು? ಪ್ರತಿ ಬಗೆಯ ಲೆಕ್ಕಕ್ಕೂ ಒಂದೊಂದು ಸೂತ್ರ ಬಾಯಿಪಾಠ ಮಾಡಿಸದೆ ಹೇಳಿಕೊಡಬಹುದಾದ ದಾರಿ ಇದ್ದರೆ ದಯವಿಟ್ಟು ತಿಳಿಸಿ.


ಉತ್ತರ: ನಿವೃತ್ತ ಗಣಿತ ಮಾಸ್ಟ್ರು, ಕದ್ರಿ

ನಮಸ್ಕಾರ. ನಿಮ್ಮ ಮೂರು ಲೆಕ್ಕಗಳೂ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಎಡವಿದ ಕಲ್ಲು ಒಂದೇ. ಶೇಕಡಾ ಎಂಬುದು ತಾನಾಗಿ ನಿಲ್ಲುವ ಸಂಖ್ಯೆಯಲ್ಲ. ‘ಶೇಕಡಾ 5’ ಎಂಬ ಮಾತು ‘ಯಾವುದರ?’ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅರ್ಧ ಹೇಳಿದ ಮಾತು. ನೂರಕ್ಕೆ ಐದು ಎಂದಾಗ ಆ ನೂರು ಯಾವುದು ಎಂಬುದನ್ನು ಲೆಕ್ಕದ ಭಾಷೆಯೊಳಗಿಂದ ಹುಡುಕಿ ತೆಗೆಯಬೇಕು, ಮತ್ತು ‘ಎಕ್ಸ್’ ಎಂದು ಇಟ್ಟುಕೊಳ್ಳಬೇಕಾದದ್ದು ಅದನ್ನೇ. ಪ್ರಶ್ನೆಯ ಕೊನೆಯಲ್ಲಿ ಏನನ್ನು ಕೇಳಿದ್ದಾರೋ ಅದನ್ನು ಎಕ್ಸ್ ಎಂದು ಇಟ್ಟುಕೊಳ್ಳುವುದು ಮಕ್ಕಳ ಸಹಜ ಅಭ್ಯಾಸ. ಕೆಲವೊಮ್ಮೆ ಎರಡೂ ಒಂದೇ ಆಗಿರುವುದರಿಂದ ಆ ಅಭ್ಯಾಸ ತಪ್ಪೆಂದು ಬಹಳ ದಿನ ಗೊತ್ತಾಗುವುದೇ ಇಲ್ಲ. ಕನ್ನಡದಲ್ಲಿ ಟೈಪ್ ಮಾಡುವ ಅನುಕೂಲಕ್ಕಾಗಿ ಇಲ್ಲಿ ನಾನು ಆ ಅಕ್ಷರವನ್ನು ‘ಕ್ಷ’ ಎಂದು ಬರೆಯುತ್ತೇನೆ.

ಹೋಟೆಲಿನ ಬಿಲ್ಲನ್ನು ನೋಡಿ. ಜಿಎಸ್‌ಟಿಯನ್ನು ಹಾಕುವುದು ಊಟದ ಬೆಲೆಯ ಮೇಲೆ. ತೆರಿಗೆ ಸೇರಿದ ಒಟ್ಟು ಮೊತ್ತದ ಮೇಲಲ್ಲ. ಆದ್ದರಿಂದ ‘ಶೇಕಡಾ 5, ಯಾವುದರ?’ ಎಂಬುದಕ್ಕೆ ಉತ್ತರ ‘ಊಟದ ಬೆಲೆಯ’. ಊಟದ ಬೆಲೆ ಕ್ಷ ಆಗಿರಲಿ. ತೆರಿಗೆ 0.05 ಕ್ಷ. ಎರಡೂ ಸೇರಿ 1.05 ಕ್ಷ. ಅದು 1,155ಕ್ಕೆ ಸಮ.

1.05 ಕ್ಷ = 1,155
ಕ್ಷ = 1,155 ÷ 1.05 = 1,100

ತೆರಿಗೆ 55 ರೂಪಾಯಿ. ಇಲ್ಲಿ ನೀವು ಮಗಳಿಗೆ ಮೊದಲು ಕೇಳಿದ್ದು ತೆರಿಗೆಯನ್ನು, ನಾವು ಕ್ಷ ಎಂದದ್ದು ಊಟದ ಬೆಲೆಯನ್ನು, ಎಂಬುದನ್ನು ಅವಳಿಗೆ ಎತ್ತಿ ತೋರಿಸಿ. ಕೇಳಿದ ಉತ್ತರ ಬೇಕಾದಾಗ ಕ್ಷದಿಂದ ಒಂದು ಹೆಜ್ಜೆ ನಡೆದರೆ ಸಾಕು.

ನಿಮ್ಮ ಮಗಳು ಮಾಡಿದ್ದು 1,155ರ ಶೇಕಡಾ 5 ತೆಗೆಯುವುದನ್ನು. ಆ 1,155ರೊಳಗೆ ಈಗಾಗಲೇ 55 ರೂಪಾಯಿ ತೆರಿಗೆ ಕುಳಿತಿದೆ. ಹಾಗಾಗಿ ಅವಳು ತೆರಿಗೆಯ ಮೇಲೂ ತೆರಿಗೆ ಹಾಕಿದಂತಾಯಿತು. 55ರ ಶೇಕಡಾ 5 ಎಂದರೆ 2.75, ಅವಳ 57.75ಕ್ಕೂ ನಿಜವಾದ 55ಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಅಷ್ಟೇ. ನೀವು ಹುಡುಕಿದ 2.89ರಲ್ಲಿ ಉಳಿದ 14 ಪೈಸೆ, ಊಟದ ಬೆಲೆಯನ್ನು 2.75 ಕಡಿಮೆ ಹಿಡಿದದ್ದರಿಂದ ಅದರ ತೆರಿಗೆಯಲ್ಲಿ ಆದ ಕೊರತೆ. ತಪ್ಪು ಎಷ್ಟಾಯಿತು ಎಂದು ನೋಡಿ ಸುಮ್ಮನಾಗದೆ, ಅಷ್ಟೇ ಏಕೆ ಆಯಿತು ಎಂದು ಹುಡುಕುವ ಅಭ್ಯಾಸವನ್ನು ಮಗುವಿಗೆ ಮಾಡಿಸಿದರೆ ಹತ್ತು ಹೊಸ ಲೆಕ್ಕ ಮಾಡಿಸಿದ್ದಕ್ಕಿಂತ ಹೆಚ್ಚು ಪ್ರಯೋಜನ ಎಂಬುದು ನನ್ನ ಅನುಭವ. ಆ ದಿನ ರಾತ್ರಿ ನೀವು ತಿರುಗಿ ಕೂಡಿಸಿ ನೋಡಿದ್ದು ಅಂಥ ಕೆಲಸವೇ.

ಇನ್ನೊಂದು ರೂಢಿಯನ್ನೂ ಬೆಳೆಸಿ. ‘ಶೇಕಡಾ ಇಷ್ಟು ಹೆಚ್ಚಾಯಿತು’ ಎಂಬುದನ್ನು ಕೂಡಿಸುವ ಸಂಖ್ಯೆಯಾಗಿ ನೋಡದೆ ಗುಣಿಸುವ ಸಂಖ್ಯೆಯಾಗಿ ಬರೆಯಬೇಕು. ಶೇಕಡಾ 5 ಹೆಚ್ಚಳ ಎಂದರೆ 1.05ರಿಂದ ಗುಣಿಸುವುದು, ಶೇಕಡಾ 20 ರಿಯಾಯಿತಿ ಎಂದರೆ 0.80ರಿಂದ ಗುಣಿಸುವುದು, ಶೇಕಡಾ 10 ರಿಯಾಯಿತಿ ಎಂದರೆ 0.90ರಿಂದ. ಈ ರೂಢಿ ಬಂದರೆ ಸೀರೆಯ ಲೆಕ್ಕ ಒಂದೇ ಸಾಲಿನದು. ಚೀಟಿಯ ಬೆಲೆ ಕ್ಷ. ಮೊದಲ ರಿಯಾಯಿತಿ ಅದರ ಮೇಲೆ, ಎರಡನೆಯದು ಉಳಿದದ್ದರ ಮೇಲೆ.

ಕ್ಷ × 0.80 × 0.90 = 2,160
0.72 ಕ್ಷ = 2,160
ಕ್ಷ = 3,000

3,000ಕ್ಕೆ ಶೇಕಡಾ 20 ಬಿಟ್ಟರೆ 2,400, ಅದಕ್ಕೆ ಶೇಕಡಾ 10 ಬಿಟ್ಟರೆ 2,160, ತಾಳೆಯಾಯಿತು. ಒಟ್ಟು ರಿಯಾಯಿತಿ ಶೇಕಡಾ 28, ಶೇಕಡಾ 30 ಅಲ್ಲ. ಎರಡನೆಯ ಶೇಕಡಾ 10 ಚೀಟಿಯ ಬೆಲೆಯ ಮೇಲೆ ಸಿಗದೆ, ಅದರ ಐದರಲ್ಲಿ ನಾಲ್ಕು ಪಾಲಿನ ಮೇಲಷ್ಟೇ ಸಿಕ್ಕಿದ್ದರಿಂದ, ಅದರ ಬೆಲೆ ಶೇಕಡಾ 8ಕ್ಕೆ ಇಳಿಯಿತು. ನಿಮ್ಮ ಪಕ್ಕದ ಮನೆಯವರು 0.70ರಿಂದ ಭಾಗಿಸಿದ್ದಾರೆ, ಅವರ ದಾರಿ ಸರಿ, ಸಂಖ್ಯೆ ತಪ್ಪು. ಮಗಳು 2,160ರ ಶೇಕಡಾ 30 ಕೂಡಿಸಿದ್ದಾಳೆ. ಅಲ್ಲಿ ದಾರಿಯೂ ತಪ್ಪಿದೆ, ಸಂಖ್ಯೆಯೂ ತಪ್ಪಿದೆ.

ಮಲ್ಲಿಗೆಯ ದರಕ್ಕೂ ಇದೇ ಮಾತು. 1.25 × 0.75 = 0.9375. ಏರಿದ್ದು 800ರ ಕಾಲು ಭಾಗ, ಇಳಿದದ್ದು 1,000ದ ಕಾಲು ಭಾಗ. ಇದ್ದಲ್ಲಿಗೇ ಬರಬೇಕಾದರೆ 1.25ನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ 1 ಆಗುತ್ತದೆ ಎಂದು ಕೇಳಬೇಕು, ಅದು 0.80. ಅಂದರೆ ಶೇಕಡಾ 25 ಏರಿದ ದರ ಶೇಕಡಾ 20 ಇಳಿದರೆ ಮಾತ್ರ ನಿಮ್ಮ ಮಾವನವರ ಮಾತು ನಿಜವಾಗುತ್ತದೆ.


ಉತ್ತರ: ಎಣ್ಣೆ ಮಿಲ್ಲಿನ ಲೆಕ್ಕಿಗ, ಮೂಲ್ಕಿ

ಮಾಸ್ಟ್ರು ಹೇಳಿದ ‘ಯಾವುದರ?’ ಎಂಬ ಪ್ರಶ್ನೆ ತಿಳಿಯದೆ ನಾನು ಒಬ್ಬ ನಿರಪರಾಧಿಯನ್ನು ಸಂಶಯಿಸಿದ ಕಥೆಯನ್ನು ಇಲ್ಲಿ ಹೇಳಬೇಕು. ನಾನು ಲೆಕ್ಕ ಬರೆಯಲು ಸೇರಿದ ಹೊಸತರಲ್ಲಿ ತೆಂಗಿನ ಕಾಯಿಯ ಹಸಿ ತಿರುಳನ್ನು ತೂಗಿ ಒಣಗಲು ಹಾಕುತ್ತಿದ್ದರು. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಶೇಕಡಾ 6ರಷ್ಟು ತೇವ ಉಳಿಯುತ್ತದೆ. ಆ ಹದಕ್ಕೆ ಬಂದ ಹೋಳನ್ನು ಬಗ್ಗಿಸಿದರೆ ಅದು ಬಾಗುವುದಿಲ್ಲ, ಟಕ್ಕೆಂದು ಮುರಿಯುತ್ತದೆ.

ಒಂದು ದಿನ 1,000 ಕಿಲೋ ಹಸಿ ತಿರುಳು ಹಾಕಿದ್ದರು. ತೇವ ಶೇಕಡಾ 50ರಿಂದ 6ಕ್ಕೆ ಇಳಿದರೆ ಹೋಗುವುದು ಶೇಕಡಾ 44, ಆದ್ದರಿಂದ 440 ಕಿಲೋ ಹೋಗಿ 560 ಕಿಲೋ ಕೊಬ್ಬರಿ ಬರಬೇಕೆಂದು ನಾನು ಪುಸ್ತಕದಲ್ಲಿ ಮುಂಚಿತವಾಗಿ ಬರೆದಿಟ್ಟೆ. ಒಣಗಿಸಿ ತೂಗಿದಾಗ 532 ಕಿಲೋ ಬಂತು. 28 ಕಿಲೋ ಕಡಿಮೆ! ತಕ್ಕಡಿಯ ಬಳಿ ನಿಲ್ಲುತ್ತಿದ್ದವನ ಮೇಲೆ ನನಗೆ ಕಣ್ಣು ಬಿತ್ತು. ಬಾಯಿ ಬಿಟ್ಟು ಏನೂ ಹೇಳಲಿಲ್ಲವಾದರೂ ಎರಡು ವಾರ ಅವನ ಜೊತೆ ನೆಟ್ಟಗೆ ಮಾತನಾಡಲಿಲ್ಲ. ಕೊನೆಗೆ ಮಿಲ್ಲಿನ ಹಿರಿಯರೊಬ್ಬರು ‘ನೀರು ಹೋಗುತ್ತದೆ ಮಾರಾಯ, ಹಿಂಡಿ ಎಲ್ಲಿಗೆ ಹೋಗುತ್ತದೆ? ಅದನ್ನು ಹಿಡಿದುಕೋ’ ಎಂದರು. ಅವರು ಹಿಂಡಿ ಎಂದದ್ದು ನೀರಿಲ್ಲದ ಗಟ್ಟಿ ಪದಾರ್ಥಕ್ಕೆ.

ಹಿಡಿದುಕೊಂಡು ನೋಡಿದೆ. 1,000 ಕಿಲೋದಲ್ಲಿ ಗಟ್ಟಿ ಪದಾರ್ಥ 500 ಕಿಲೋ. ಒಣಗುವಾಗ ಅದು ಕದಲುವುದಿಲ್ಲ. ಸಿದ್ಧವಾದ ಕೊಬ್ಬರಿಯ ತೂಕ ಕ್ಷ ಆದರೆ ಅದರಲ್ಲಿ ಶೇಕಡಾ 94 ಗಟ್ಟಿ ಪದಾರ್ಥ.

0.94 ಕ್ಷ = 500
ಕ್ಷ = 531.9 ಕಿಲೋ

ತೂಕದವನು ಗ್ರಾಮಿನಷ್ಟೂ ತಪ್ಪಿರಲಿಲ್ಲ. ಮಳೆಗಾಲದಲ್ಲಿ ಇದೇ ಸಮೀಕರಣ ನನಗೆ ದಿನವೂ ಬೇಕಾಗುತ್ತದೆ. ಯಾರಾದರೂ ಶೇಕಡಾ 10 ತೇವವಿರುವ 100 ಕಿಲೋ ಕೊಬ್ಬರಿ ತಂದರೆ, ಶೇಕಡಾ 6ರ ಲೆಕ್ಕದಲ್ಲಿ ಅದು ಎಷ್ಟು ಕಿಲೋಗೆ ಸಮ? ಗಟ್ಟಿ ಪದಾರ್ಥ 90 ಕಿಲೋ, 0.94 ಕ್ಷ = 90; ಕ್ಷ = 95.7 ಕಿಲೋ. ತಂದವರು ‘ನಾಲ್ಕು ಕಿಲೋ ಕಳೆಯಿರಿ ಸಾಕು’ ಎನ್ನುತ್ತಾರೆ, ಲೆಕ್ಕ 4.3 ಎನ್ನುತ್ತದೆ. ಅಷ್ಟಕ್ಕೆಲ್ಲ ನಾವು ಜಗಳಕ್ಕೆ ನಿಲ್ಲುವುದಿಲ್ಲ ಎನ್ನುವುದು ಬೇರೆ ವಿಷಯ.

ಒಂದು ಸಂಶಯ ಮಾತ್ರ ಇನ್ನೂ ಉಳಿದಿದೆ, ಮಾಸ್ಟ್ರೇ. ಆ 50ರಲ್ಲಿ 6 ಕಳೆದಾಗ ಬಂದ 44 ಎಂಬ ಸಂಖ್ಯೆಗೆ ಏನಾದರೂ ಅರ್ಥ ಇದೆಯೇ?


ಉತ್ತರ: ಪರೀಕ್ಷಾರ್ಥಿ, ಮಣಿಪಾಲ

ನಾನು ಬ್ಯಾಂಕ್ ಪರೀಕ್ಷೆಗಳಿಗೆ ಸಿದ್ಧತೆ ಮಾಡುತ್ತಿದ್ದೇನೆ. ಸರ್ ಹೇಳಿದ್ದನ್ನು ಗೌರವದಿಂದಲೇ ಒಪ್ಪುತ್ತೇನೆ. ಆದರೆ ಈ ಲೆಕ್ಕಗಳಿಗೆ ಬೀಜಗಣಿತವೇ ಬೇಕೆಂದಿಲ್ಲ ಎಂಬುದನ್ನೂ ಹೇಳಬೇಕೆನಿಸಿತು. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗದ ಪರೀಕ್ಷೆಯಲ್ಲಿ ನಾವು ಕ್ಷ ಎಂದು ಬರೆಯುತ್ತಾ ಕೂರುವುದಿಲ್ಲ, ನೇರವಾಗಿ 100 ಎಂದು ಹಿಡಿಯುತ್ತೇವೆ. ಸೀರೆಯ ಬೆಲೆ 100 ಆಗಿದ್ದರೆ ಮೊದಲ ರಿಯಾಯಿತಿಯ ನಂತರ 80, ಎರಡನೆಯದರ ನಂತರ 72. ಕೊಟ್ಟ ಹಣ 2,160; ಅದು 72ರ 30 ಪಟ್ಟು. ಆದ್ದರಿಂದ ಮೂಲ ಬೆಲೆ 100ರ 30 ಪಟ್ಟು, 3,000. ಹೋಟೆಲಿನ ಬಿಲ್ಲೂ ಹಾಗೆಯೇ: 100ಕ್ಕೆ 105 ಆಗುತ್ತದೆ, 1,155 ಎಂದರೆ 105ರ 11 ಪಟ್ಟು, ಊಟದ ಬೆಲೆ 1,100. ಅಕ್ಕ ತಮ್ಮ ಮಗಳಿಗೆ ಇದನ್ನೇ ಹೇಳಿಕೊಟ್ಟರೆ ಸಮೀಕರಣದ ಹೆದರಿಕೆಯೂ ಇರುವುದಿಲ್ಲ. ಎಂಟನೇ ತರಗತಿಯ ಮಗುವಿಗೆ 0.72 ಕ್ಷ ಎಂಬುದಕ್ಕಿಂತ 72 ರೂಪಾಯಿ ಎಂಬುದು ಹತ್ತಿರದ ಮಾತು ಎಂದು ನನ್ನ ಅಭಿಪ್ರಾಯ.


ಉತ್ತರ: ನಿವೃತ್ತ ಗಣಿತ ಮಾಸ್ಟ್ರು, ಕದ್ರಿ

ಮೊದಲು ಮಣಿಪಾಲದವರಿಗೆ. ನಿಮ್ಮ ದಾರಿಗೆ ನನ್ನ ವಿರೋಧವಿಲ್ಲ. ಅದು ನಮ್ಮಲ್ಲಿ ಬಹಳ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಇದಕ್ಕೆ ‘ಇಷ್ಟಕರ್ಮ’ ಎಂಬ ಹೆಸರಿದೆ: ನಮಗೆ ಇಷ್ಟವಾದ ಯಾವುದಾದರೂ ಒಂದು ಸಂಖ್ಯೆಯನ್ನು ಹಿಡಿದು, ಲೆಕ್ಕದಲ್ಲಿ ಹೇಳಿದಂತೆ ನಡೆಸಿ, ಬಂದ ಫಲವನ್ನೂ ಕೊಟ್ಟ ಸಂಖ್ಯೆಯನ್ನೂ ಹೋಲಿಸಿ ನಿಜವಾದ ಸಂಖ್ಯೆಯನ್ನು ಪಡೆಯುವ ಕ್ರಮ. ಶೇಕಡಾ ಲೆಕ್ಕದಲ್ಲಿ ಆ ಇಷ್ಟ ಸಂಖ್ಯೆ 100 ಆದರೆ ಅನುಕೂಲ, ಅಷ್ಟೇ. ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಎಂದು ಹೆಸರಿಟ್ಟು ಸಮೀಕರಣ ಮಾಡುವ ಕ್ರಮವನ್ನೂ ಅದೇ ಆಚಾರ್ಯರು ತಮ್ಮ ಬೀಜಗಣಿತದಲ್ಲಿ ಬಳಸಿದ್ದಾರೆ. ಒಂದು ಸಾಕಾಗುತ್ತಿದ್ದರೆ ಎರಡು ಏಕೆ ಎಂಬ ಪ್ರಶ್ನೆಗೆ ಈ ಲೆಕ್ಕ ಉತ್ತರ ಹೇಳುತ್ತದೆ.

ಒಂದು ಪಾತ್ರೆ ಅಂಗಡಿಯವರು ಸಾಮಾನಿನ ಬೆಲೆಯಲ್ಲಿ ಶೇಕಡಾ 10 ಬಿಟ್ಟು, ಮನೆಗೆ ತಲುಪಿಸಲು 50 ರೂಪಾಯಿ ಸೇರಿಸಿ, ಒಟ್ಟು 1,400 ರೂಪಾಯಿ ತೆಗೆದುಕೊಂಡರು. ಸಾಮಾನಿನ ಮೂಲ ಬೆಲೆ ಎಷ್ಟು? ನಿಮ್ಮ ಕ್ರಮದಲ್ಲಿ 100 ಎಂದು ಹಿಡಿಯಿರಿ. ರಿಯಾಯಿತಿ ಹೋಗಿ 90, ಸಾಗಾಟ ಸೇರಿ 140. ಕೊಟ್ಟದ್ದು 1,400, ಅಂದರೆ ಸರಿಯಾಗಿ 10 ಪಟ್ಟು. ಆದ್ದರಿಂದ ಬೆಲೆ 1,000. ಎಷ್ಟು ಚೆಂದವಾಗಿ ಭಾಗವಾಯಿತು! ಪರೀಕ್ಷೆಯಲ್ಲಾದರೆ 1,000 ಎಂಬ ಆಯ್ಕೆಗೆ ಗುರುತು ಹಾಕಿ ಮುಂದಕ್ಕೆ ಹೋಗುತ್ತೀರಿ. ತಾಳೆ ನೋಡಿದರೆ 1,000ಕ್ಕೆ 900, ಸಾಗಾಟ ಸೇರಿ 950. 1,400 ಎಲ್ಲಿ, 950 ಎಲ್ಲಿ.

ಸಾಮಾನಿನ ಬೆಲೆ ಹತ್ತು ಪಟ್ಟಾದರೂ ಸಾಗಾಟದ 50 ರೂಪಾಯಿ ಹತ್ತು ಪಟ್ಟಾಗುವುದಿಲ್ಲ, ಆದರೆ 140ನ್ನು ಹತ್ತು ಪಟ್ಟು ಮಾಡುವಾಗ ನಾವು ಅದನ್ನೂ 500 ಮಾಡಿಬಿಟ್ಟೆವು. ಸಮೀಕರಣದಲ್ಲಿ ಈ ಅಪಾಯವಿಲ್ಲ.

0.90 ಕ್ಷ + 50 = 1,400
0.90 ಕ್ಷ = 1,350
ಕ್ಷ = 1,500

ಬರಿಯ ಗುಣಾಕಾರದಿಂದ ಕಟ್ಟಿದ ಲೆಕ್ಕಗಳಲ್ಲಿ 100 ಹಿಡಿಯಿರಿ, ಬೇಗ ಆಗುತ್ತದೆ. ಸ್ಥಿರವಾದ ಮೊತ್ತವೊಂದು ಕೂಡುವುದೋ ಕಳೆಯುವುದೋ ಇದ್ದರೆ ಅದನ್ನು ಮೊದಲೇ ಬೇರ್ಪಡಿಸಬೇಕು, ಇಲ್ಲವೇ ಕ್ಷ ಹಿಡಿಯಬೇಕು. ಮಕ್ಕಳಿಗೆ ಈ ಎರಡನ್ನೂ ಪ್ರತ್ಯೇಕಿಸುವ ಹದ ಬರುವವರೆಗೆ ಕ್ಷವೇ ಸುರಕ್ಷಿತ ಎಂಬ ಕಾರಣಕ್ಕೆ ನಾನು ಅದನ್ನು ಹೇಳಿದ್ದು.

ಈಗ ಮೂಲ್ಕಿಯವರ 44. ಶೇಕಡಾ 50 ಎಂಬುದು 1,000 ಕಿಲೋದ ಮೇಲೆ ನಿಂತದ್ದು, ಶೇಕಡಾ 6 ಎಂಬುದು 532 ಕಿಲೋದ ಮೇಲೆ ನಿಂತದ್ದು. ಬೇರೆ ಬೇರೆ ನೆಲೆಯ ಎರಡು ಶೇಕಡಾಗಳನ್ನು ಕಳೆದರೆ ಬರುವ ಸಂಖ್ಯೆ ತೇವದ ಪ್ರಮಾಣ ಎಷ್ಟು ಅಂಶ ಇಳಿಯಿತು ಎಂದು ಹೇಳುತ್ತದೆಯೇ ಹೊರತು, ಅದನ್ನು ಒಯ್ದು 1,000ಕ್ಕಾಗಲಿ 532ಕ್ಕಾಗಲಿ ಗುಣಿಸಲು ಬರುವುದಿಲ್ಲ. ನಿಮ್ಮಲ್ಲಿ ನಿಜವಾಗಿ ಹೋದದ್ದು 468 ಕಿಲೋ ನೀರು, ಹಸಿ ತೂಕದ ಶೇಕಡಾ 46.8. ನೆಲೆ ಒಂದೇ ಇದ್ದಾಗಲೂ ಮಾತಿನಲ್ಲಿ ಎಚ್ಚರ ಬೇಕು. ಸಾಲದ ಬಡ್ಡಿ ದರ ಶೇಕಡಾ 8ರಿಂದ 9ಕ್ಕೆ ಏರಿದರೆ ‘ಶೇಕಡಾ 1 ಏರಿತು’ ಎನ್ನುತ್ತೇವೆ; ಅದು ಶೇಕಡಾವಾರಿನಲ್ಲಿ ಒಂದು ಅಂಶದ ಏರಿಕೆ. ಒಂದು ಲಕ್ಷ ರೂಪಾಯಿಗೆ ವರ್ಷದ ಬಡ್ಡಿ 8,000ದಿಂದ 9,000 ಆದಾಗ ಕಟ್ಟುವವರ ಹೊರೆ ಏರಿದ್ದು ಶೇಕಡಾ 12.5.


ಮರುಪ್ರಶ್ನೆ: ಕಟಪಾಡಿಯ ಅಮ್ಮ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಇಬ್ಬರೂ ಕುಳಿತು ಮಾಡಿದೆವು. ಅವಳ ಪುಸ್ತಕದ ಒಂದು ಲೆಕ್ಕ ಹೀಗಿತ್ತು: ವ್ಯಾಪಾರಿಯೊಬ್ಬನು ಕೊಂಡ ಬೆಲೆಗಿಂತ ಶೇಕಡಾ 40 ಹೆಚ್ಚಿಗೆ ಬೆಲೆ ನಮೂದಿಸಿ, ಅದರ ಮೇಲೆ ಶೇಕಡಾ 25 ರಿಯಾಯಿತಿ ಕೊಟ್ಟರೂ 60 ರೂಪಾಯಿ ಲಾಭ ಪಡೆದನು, ನಮೂದಿಸಿದ ಬೆಲೆ ಎಷ್ಟು? ಕೇಳಿದ್ದು ನಮೂದಿಸಿದ ಬೆಲೆಯನ್ನಾದರೂ ಶೇಕಡಾ 40 ನಿಂತಿರುವುದು ಕೊಂಡ ಬೆಲೆಯ ಮೇಲೆ ಎಂದು ಮಗಳೇ ಹೇಳಿ, ಕೊಂಡ ಬೆಲೆಯನ್ನು ಕ್ಷ ಎಂದಳು. 1.40 × 0.75 = 1.05, ಲಾಭ 0.05 ಕ್ಷ = 60; ಕ್ಷ = 1,200. ನಮೂದಿಸಿದ ಬೆಲೆ 1,680, ಮಾರಿದ ಬೆಲೆ 1,260. ತಾಳೆಯಾದಾಗ ಅವಳಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

ಮುಂದಿನದರಲ್ಲಿ ಸಿಕ್ಕಿಬಿದ್ದೆವು. ಒಬ್ಬನು ಎರಡು ಹಳೆಯ ಸೈಕಲ್‌ಗಳನ್ನು ತಲಾ 1,200 ರೂಪಾಯಿಗೆ ಮಾರಿದನು. ಒಂದರಲ್ಲಿ ಶೇಕಡಾ 20 ಲಾಭ, ಇನ್ನೊಂದರಲ್ಲಿ ಶೇಕಡಾ 20 ನಷ್ಟ. ಒಟ್ಟಿನಲ್ಲಿ ಲಾಭವೋ ನಷ್ಟವೋ? ನಾವು ಬರೆದದ್ದು ಇಷ್ಟು:

1.20 ಕ್ಷ + 0.80 ಕ್ಷ = 2,400
2 ಕ್ಷ = 2,400
ಕ್ಷ = 1,200

ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದಾಯಿತು. ಪುಸ್ತಕದ ಹಿಂದಿನ ಉತ್ತರ ಶೇಕಡಾ 4 ನಷ್ಟ ಎನ್ನುತ್ತದೆ. ಅಚ್ಚಿನ ತಪ್ಪೇ?


ಉತ್ತರ: ನಿವೃತ್ತ ಗಣಿತ ಮಾಸ್ಟ್ರು, ಕದ್ರಿ

ಅಚ್ಚು ಸರಿಯಾಗಿದೆ. ನಿಮ್ಮ ಸಮೀಕರಣ ಒಂದು ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡಿದೆ: ಎರಡು ಸೈಕಲ್‌ಗಳ ಕೊಂಡ ಬೆಲೆಯೂ ಒಂದೇ ಎಂದು. ಲೆಕ್ಕ ಹಾಗೆ ಹೇಳಿಲ್ಲ. ಒಂದೇ ಆಗಿರುವುದು ಮಾರಿದ ಬೆಲೆ. ತಾಳೆ ನೋಡಿದ್ದರೆ ಗೊತ್ತಾಗುತ್ತಿತ್ತು, ಏಕೆಂದರೆ 1,200ಕ್ಕೆ ಕೊಂಡು 1,200ಕ್ಕೇ ಮಾರಿದ ಸೈಕಲಿನಲ್ಲಿ ಶೇಕಡಾ 20 ಲಾಭ ಎಲ್ಲಿಂದ ಬರಬೇಕು? ನೆಲೆ ಎರಡಿದ್ದರೆ ಅಕ್ಷರವೂ ಎರಡು ಬೇಕು. ಮೊದಲನೆಯದರ ಕೊಂಡ ಬೆಲೆ ಕ್ಷ, ಎರಡನೆಯದರದು ಯ ಆಗಿರಲಿ.

1.20 ಕ್ಷ = 1,200, ಆದ್ದರಿಂದ ಕ್ಷ = 1,000
0.80 ಯ = 1,200, ಆದ್ದರಿಂದ ಯ = 1,500

ಕೊಂಡದ್ದು ಒಟ್ಟು 2,500ಕ್ಕೆ, ಮಾರಿದ್ದು 2,400ಕ್ಕೆ. ನಷ್ಟ 100, 2,500ರಲ್ಲಿ ಅದು ಶೇಕಡಾ 4. ಲಾಭ ಬಂದದ್ದು ಕಡಿಮೆ ಬೆಲೆಯ ಸೈಕಲಿನ ಮೇಲೆ, ನಷ್ಟವಾದದ್ದು ಹೆಚ್ಚು ಬೆಲೆಯದರ ಮೇಲೆ.


ಕಟಪಾಡಿಯ ಅಮ್ಮ

ಅರ್ಥವಾಯಿತು, ಮಾಸ್ಟ್ರೇ. ಮಗಳಿಗೆ ‘ಯ’ ಬಹಳ ಇಷ್ಟವಾಗಿ, ಬೇಕಾಗಿಲ್ಲದ ಕಡೆಯೂ ಬರೆಯಲು ಶುರು ಮಾಡಿದ್ದಾಳೆ.

ಹೋಟೆಲಿನ ಬಿಲ್ಲಿನ ವಿಷಯವನ್ನೂ ತಿಳಿಸಿಬಿಡುತ್ತೇನೆ. ನನ್ನವರು ಆ ದಿನವೇ ಅದರ ಫೋಟೋ ತೆಗೆದಿಟ್ಟಿದ್ದರಂತೆ. ಇಂದು ಬೆಳಿಗ್ಗೆ ಮೊಬೈಲಿನಲ್ಲಿ ತೋರಿಸಿದರು. ಒಟ್ಟು 1,100.00, ಕೇಂದ್ರದ ಜಿಎಸ್‌ಟಿ ಶೇಕಡಾ 2.5 ಎಂದು 27.50, ರಾಜ್ಯದ ಜಿಎಸ್‌ಟಿ ಶೇಕಡಾ 2.5 ಎಂದು 27.50, ಕೆಳಗೆ 1,155.00. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದರೆ, ‘ನೀವಿಬ್ಬರೂ ಅಷ್ಟು ಗಂಭೀರವಾಗಿ ಲೆಕ್ಕ ಮಾಡುತ್ತಿದ್ದಿರಿ’ ಎಂದರು.